ಹಲಗೆ 8 ಅಡಿ, ದೋಣಿ 12 ಅಡಿ: ನಡುವಿನ ಜಾಯಿಂಟಿಗೆ ಯಾರು ಜವಾಬ್ದಾರ?

ಬೈಲಹೊಂಗಲದಿಂದ ಮುನವಳ್ಳಿಗೆ ಹೊರಟ ಬಸ್ಸಿನಲ್ಲಿ ಮೊನ್ನೆ ನನ್ನ ಚೀಲದಿಂದ ಎರಡು ಪ್ಲೈವುಡ್ ತುಂಡು ಹೊರಗೆ ಬಿದ್ದವು. ಎರಡೂ ಗೇಣುದ್ದದವು, ಎರಡೂ ಮುರಿದಂಥವು. ಪಕ್ಕದ ಸೀಟಿನ ಯಜಮಾನರು ಎತ್ತಿಕೊಟ್ಟು, "ಏನ್ರೀ ಇವು? ಒಲಿಗೆ ಹಾಕೂ ಕಟಗಿ ಚೀಲದಾಗ ಇಟಗೊಂಡು ತಿರಗತೀರೆಲಾ!" ಅಂದರು. ಹಿಂದಿನ ಸೀಟಿನವರು ನಕ್ಕರು.

ಒಲೆಗೆ ಹಾಕುವ ಕಟ್ಟಿಗೆಯೇ ಹೌದು. ಆದರೆ ಈ ಎರಡು ತುಂಡುಗಳ ನಡುವಿನ ಫರಕು ತಿಳಿಯಲು ನನಗೂ ನನ್ನ ಸೋದರಮಾವನಿಗೂ ಒಂದು ಇಡೀ ದೋಣಿ ಖರ್ಚಾಗಿದೆ, ಒಂದು ಮೊಬೈಲು ಖರ್ಚಾಗಿದೆ. ಒಂದು ಹುಡುಗನ ಜೀವವೂ ಖರ್ಚಾಗುವುದಿತ್ತು. ದೇವರು ದೊಡ್ಡವನು! ಅದಕ್ಕೇ ಈ ದಿನ ಗಟಾರದ ಸುದ್ದಿ, ಸಂತೆಯ ಸುದ್ದಿ ಬದಿಗಿಟ್ಟು ಈ ಜಾಯಿಂಟಿನ ಸುದ್ದಿ ಬರೆಯುತ್ತಿದ್ದೇನೆ.

ಮಾಳಿಗೆಯ ಮೇಲಿನ ಮಾತು

2019ರ ಆಗಸ್ಟ್ ಯಾರಿಗೆ ಮರೆತಿದೆ? ಕಣಕುಂಬಿಯಲ್ಲಿ ಹುಟ್ಟುವ ನಮ್ಮ ಮಲಪ್ರಭೆ ಆ ವರ್ಷ ಯಾರ ಮಾತನ್ನೂ ಕೇಳಲಿಲ್ಲ. ನವಿಲುತೀರ್ಥದ ಆಣೆಕಟ್ಟಿನ ಹಿಂದೆ ನಿಲ್ಲುವ ನೀರು 37.73 ಟಿಎಂಸಿ. ಅದು ತುಂಬಿದ ಮೇಲೆ ಮೇಲಿಂದ ಬಂದದ್ದನ್ನೆಲ್ಲ ಕೆಳಗೆ ಬಿಡಲೇಬೇಕು. ಕೆಳಗೆ ಇರುವವರು ಯಾರು? ಮುನವಳ್ಳಿಯವರು, ರಾಮದುರ್ಗದವರು. ಓಣಿಗಳಿಗೆ ನೀರು ನುಗ್ಗಿತು. ಮನೆ ಬಿದ್ದವು, ದನ ಹೋದವು, ಅಂಗಡಿಗಳ ಗೋದಾಮಿನಲ್ಲಿದ್ದ ಮಾಲು ರಾಡಿಯಾಯಿತು. ಜಿಲ್ಲೆಯ ತುಂಬ ರಬ್ಬರ್ ಬೋಟುಗಳು ಓಡಾಡಿದವು.

ನನ್ನ ಮಾಮಾ ಒಂದು ಹಗಲು, ಒಂದು ರಾತ್ರಿ ಮಾಳಿಗೆಯ ಮೇಲೆ ಕೂತಿದ್ದ. ಎದುರಿನ ಮನೆಯ ಮುದುಕಿಯೊಬ್ಬಳು ಅವಳ ಮಾಳಿಗೆಯ ಮೇಲೆ. ನಡುವೆ ಮೂವತ್ತು ಅಡಿ ಓಣಿ, ಅದರಲ್ಲಿ ಎದೆಮಟ್ಟದ ನೀರು. "ಅಳ್ಯಾ, ಆ ಮುದಕಿ ನೀರ ಕೇಳತಿತ್ತು. ಸುತ್ತಾ ನೀರು, ಕುಡ್ಯಾಕ ಒಂದ ಹನಿ ಇಲ್ಲ. ಮೂವತ್ತ ಅಡಿ ದಾಟಿ ಒಂದ ತಂಬಿಗಿ ನೀರ ಕೊಡಾಕ ನನ್ನ ಕಡೆ ಆಗಲಿಲ್ಲ" ಎಂದು ಮಾಮಾ ಆಮೇಲೆ ಹೇಳಿದ. ಮುದುಕಿ ಬದುಕಿದಳು. ಆದರೆ ಮಾಮಾನ ತಲೆಯಲ್ಲಿ ಒಂದು ಹುಳ ಹೊಕ್ಕಿತು: ಮನೆಯಲ್ಲಿ ಒಂದು ದೋಣಿ ಇರಬೇಕು.

ನಮ್ಮ ಕಡೆ ಹೊಳೆ ದಾಟಲು ಹಿಂದಿನಿಂದ ಇದ್ದದ್ದು ಹರಿಗೋಲು. ಬಿದಿರಿನ ದೊಡ್ಡ ಬುಟ್ಟಿ, ಹೊರಗೆ ತೊಗಲಿನ ಹೊದಿಕೆ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ 1520ರ ಸುಮಾರಿಗೇ ಇಂಥ ಬುಟ್ಟಿ ದೋಣಿಗಳನ್ನು ನೋಡಿ, ಅವುಗಳಲ್ಲಿ ಜನ ಮಾತ್ರವಲ್ಲ, ಕುದುರೆ, ಎತ್ತು ಸಹ ದಾಟುತ್ತವೆ ಎಂದು ಬರೆದಿಟ್ಟಿದ್ದಾನೆ. ಈಗ ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ. ಆದರೆ ಬಿದಿರು ಸೀಳಿ ಹರಿಗೋಲು ಹೆಣೆಯುವ ಕೈ ಮಾಮಾನಿಗೆ ಎಲ್ಲೂ ಸಿಗಲಿಲ್ಲ. "ಪ್ಲೈವುಡ್ ಐತೆಲ್ಲ, ನಾವ ಮಾಡೂಣು" ಅಂದ. ನಾನೂ ಹೂಂ ಅಂದೆ. ಪಿಯುಸಿ ಅರ್ಧಕ್ಕೆ ಬಿಟ್ಟವನಿಗೆ ಧೈರ್ಯ ಜಾಸ್ತಿ!

ಮೊದಲನೆಯ ದೋಣಿ, ಮೊದಲನೆಯ ಮುಳುಗು

ಪ್ಲೈವುಡ್ ಅಂಗಡಿಗೆ ಹೋದವರಿಗೆ ಗೊತ್ತು, ಶೀಟು ಬರುವುದು 8 ಅಡಿ ಉದ್ದ, 4 ಅಡಿ ಅಗಲ. ಎಂಟಡಿಯ ದೋಣಿಯಲ್ಲಿ ಒಬ್ಬ ಆಳು ಕೂತರೆ ಇನ್ನೊಬ್ಬರಿಗೆ ಜಾಗವಿಲ್ಲ. ನಮಗೆ ಬೇಕಾದದ್ದು 12 ಅಡಿ. ಅಂದರೆ 8ಕ್ಕೆ 4 ಕೂಡಿಸಬೇಕು. ಕಾಗದದ ಮೇಲೆ ಸಲೀಸು ಲೆಕ್ಕ. ಮೂರು ಶೀಟು ಸಾಕು: ಎರಡು ಇಡೀ ಶೀಟು, ಮೂರನೆಯದನ್ನು ನಡುವೆ ಕೊಯ್ದು ಎರಡು ಅರ್ಧ. ಒಂದು ಜೋಡಿಯಿಂದ ತಳ, ಇನ್ನೊಂದು ಜೋಡಿಯಿಂದ ಎರಡು ಮಗ್ಗುಲು.

ಅಂಗಡಿಯಲ್ಲಿ "ವಾಟರ್‌ಪ್ರೂಫ್ ಕೊಡ್ರಿ" ಅಂದೆವು. ಅಂಗಡಿಯವರು 6 ಎಂಎಂ ಶೀಟು ತೋರಿಸಿ, "ಇದನ್ನ ಬಾತ್‌ರೂಮ್ ಬಾಗಲಕ್ಕೂ ಒಯ್ತಾರ ನೋಡ್ರಿ" ಅಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಬಾತ್‌ರೂಮಿನ ಬಾಗಿಲಿಗೆ ಸಿಡಿಯುವುದು ನಾಲ್ಕು ಚೊಂಬು ನೀರು. ನಾವು ಅದನ್ನು ದಿನವಿಡೀ ನೀರಿನಲ್ಲಿ ಕೂರಿಸುವವರು ಅಂತ ಅವರು ಕೇಳಲಿಲ್ಲ, ನಾವು ಹೇಳಲಿಲ್ಲ.

ಹಿತ್ತಲಲ್ಲಿ ಕೆಲಸ ಶುರುವಾಯಿತು. ಎರಡು ಶೀಟುಗಳ ಅಂಚನ್ನು ಎದುರುಬದುರು ತಂದು ಮುಟ್ಟಿಸಿದೆವು. ಒಳಗಿನಿಂದ ಎರಡು ಇಂಚಿನ ರೀಪು ಇಟ್ಟು, ಬಿಳಿ ಗೋಂದು ಸುರಿದು, ಕಬ್ಬಿಣದ ಮೊಳೆ ಬಡಿದೆವು. ಮೇಲೆ ಡಾಂಬರು. ನೋಡಲು ಚೆಂದ ಕಂಡಿತು. ಓಣಿಯ ಮಂದಿ ಬಂದು ಟೆಂಗಿನಕಾಯಿ ಒಡೆದರು.

ಹೊಲದ ಕಡೆಯ ಕೆರೆಗೆ ಒಯ್ದೆವು. ಮಾಮಾನ ಮೊಮ್ಮಗ, ಒಂಬತ್ತು ವರ್ಷದ ಹುಡುಗ, ಮೊದಲು ನಾನೇ ಕೂಡುವವನು ಅಂತ ಹಟ ಹಿಡಿದಿದ್ದ. ಅತ್ತಿ ಅವನ ರಟ್ಟೆ ಹಿಡಿದು ಎಳೆದಳು. ನೀರಿಗೆ ಅಂಜಿ ಅಲ್ಲ, ಅವನು ಊಟ ಮಾಡಿರಲಿಲ್ಲ ಅಂತ! ಆ ಒಂದು ತುತ್ತಿನ ನೆವದಿಂದ ಹುಡುಗ ದಂಡೆಯಲ್ಲೇ ಉಳಿದ. ನಾನು, ಮಾಮಾ ಇಬ್ಬರೇ ಹತ್ತಿದೆವು. ದಂಡೆಯಿಂದ ಹತ್ತು ಮಾರು ಹೋಗಿರಬಹುದು. ನಾನು ಎದ್ದು ಜಾಗ ಬದಲಿಸಿದೆ. ಕಾಲ ಕೆಳಗೆ ಟಕ್ ಅಂದಿತು. ಹಾಜರಿ ಪುಸ್ತಕ ಮುಚ್ಚಿದ ಹಾಗೆ ದೋಣಿ ಜಾಯಿಂಟಿನಲ್ಲಿ ಮಡಚಿಕೊಂಡಿತು. ಅಲ್ಲಿ ನೀರು ಎದೆಮಟ್ಟ ಇತ್ತು, ನಡೆದು ಬಂದೆವು. ಒಂಬತ್ತು ವರ್ಷದ ಹುಡುಗನಿಗೆ ಆ ನೀರು ತಲೆಯ ಮೇಲೆ.

ಆ ದಿನ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಮಾಮಾ ಮುರಿದ ಹಲಗೆಯನ್ನು ತಿರುವಿ ತಿರುವಿ ನೋಡುತ್ತ ಕೂತ. ಗೋಂದು ಹಚ್ಚಿದ ಅಂಚು ಹೊಸದರ ಹಾಗೆ ಸ್ವಚ್ಛ ಇತ್ತು. ಎಂದೂ ಅಂಟಿರಲೇ ಇಲ್ಲವೇನೋ ಎನ್ನುವಂತೆ! ನನ್ನ ಚೀಲದಲ್ಲಿರುವ ಮೊದಲನೆಯ ತುಂಡು ಅದರದೇ.

ಬಡಿಗ ಅಜ್ಜನ ಪಾಠ

ಆ ತುಂಡನ್ನು ಬೈಲಹೊಂಗಲದ ಒಬ್ಬ ಹಿರಿಯ ಬಡಿಗರ ಮುಂದಿಟ್ಟೆ. ಚಕ್ಕಡಿ, ಬಾಗಿಲ ಚೌಕಟ್ಟು, ಮಾಳಿಗೆಯ ತೊಲೆ ಮಾಡಿದ ಕೈ ಅವರದು. ದೋಣಿ ಎಂದೂ ಮಾಡಿದವರಲ್ಲ. ಆದರೂ ತುಂಡನ್ನು ಮೂಸಿ ನೋಡಿದ ಹಾಗೆ ನೋಡಿ, "ತಮ್ಮಾ, ತುದಿಗೆ ತುದಿ ಹಚ್ಚೀರಿ. ಕಟಗಿ ತುದಿ ಅಂದ್ರ ಕಣಕಿ ಸಿವುಡು ಇದ್ದಂಗ. ಗೋಂದು ಒಳಗ ಕುಡೀತೈತಿ, ಹಿಡಿಯೂದಿಲ್ಲ. ಹಿಡಿಯೂದು ಮೈಗೆ ಮೈ ಹಚ್ಚಿದಾಗ" ಅಂದರು.

ಆಮೇಲೆ ಕೇಳಿದರು: "ಜಾಯಿಂಟು ಎಲ್ಲೆಲ್ಲಿ ಬಂದಾವು?" ತಳದ್ದೂ, ಎರಡು ಮಗ್ಗುಲಿನದೂ ಒಂದೇ ಗೆರೆಯಲ್ಲಿ ಬಂದಿವೆ ಅಂದೆ. ಅಜ್ಜ ಹಣೆ ಬಡಿದುಕೊಂಡರು. "ಇಟ್ಟಂಗಿ ಕಟ್ಟೂ ಗೌಂಡಿ ಸುದ್ದಾ ಒಂದರ ಮ್ಯಾಲ ಒಂದು ಸಂದು ಬಿಡೂದಿಲ್ಲ. ನೀವು ಪೇಪರ್ ಬರಿಯೂ ಮಂದಿ!"

ಅವರ ಕಟ್ಟೆಯ ಮೇಲೆ ಕೂತು ಕಲಿತದ್ದನ್ನು, ಆಮೇಲೆ ನಾವು ಮಾಡಿ ನೋಡಿದ್ದನ್ನು ಕ್ರಮವಾಗಿ ಹೇಳುತ್ತೇನೆ. ಹಲಗೆ ಕೂಡಿಸಲು ಮುಖ್ಯವಾಗಿ ಎರಡು ದಾರಿ.

ಒಂದನೆಯದು ಪಟ್ಟಿ ಜಾಯಿಂಟು. ತುದಿಗೆ ತುದಿ ಹಚ್ಚಿ, ಹಿಂದಿನಿಂದ ಅದೇ ಪ್ಲೈವುಡ್ಡಿನ ಪಟ್ಟಿ ಅಂಟಿಸುವುದು. ಇದು ಕೆಟ್ಟದ್ದೇನಲ್ಲ. ನಾವು ಕೆಡಿಸಿದ್ದು ಪಟ್ಟಿಯ ಅಗಲದಲ್ಲಿ. 6 ಎಂಎಂ ಹಲಗೆಗೆ ಸಂದಿನ ಆ ಕಡೆ 3 ಇಂಚು, ಈ ಕಡೆ 3 ಇಂಚು, ಒಟ್ಟು 6 ಇಂಚಿನ ಪಟ್ಟಿ ಬೇಕು. ನಾವು ಇಟ್ಟದ್ದು ಎರಡು ಇಂಚಿನ ರೀಪು! ಪಟ್ಟಿಯ ಮೇಲ್ಪದರಿನ ಎಳೆ ಸಂದನ್ನು ಅಡ್ಡ ದಾಟುವಂತಿರಬೇಕು, ಸಂದಿನ ಉದ್ದಕ್ಕೆ ಓಡಬಾರದು. ಈ ಜಾಯಿಂಟಿನ ದೋಷ ಒಂದೇ. ಪಟ್ಟಿ ಇದ್ದಲ್ಲಿ ಹಲಗೆ ಗಡುಸಾಗುತ್ತದೆ, ಅಲ್ಲಿ ಬಾಗುವುದಿಲ್ಲ. ಆದ್ದರಿಂದ ಮಗ್ಗುಲು ಬಾಗುವ ಜಾಗದಲ್ಲಿ ಇದನ್ನು ಇಡಬಾರದು.

ಎರಡನೆಯದು ಓರೆ ಜಾಯಿಂಟು. ಎರಡೂ ಹಲಗೆಗಳ ಅಂಚನ್ನು ಇಳಿಜಾರಾಗಿ ಹೆರೆದು, ಒಂದರ ಮೇಲೊಂದು ಮಲಗಿಸಿ ಅಂಟಿಸುವುದು. ತೊಲೆ ಸಾಲದೆ ಬಂದಾಗ ನಮ್ಮ ಬಡಿಗರು ಓರೆಯಾಗಿ ಕೊಯ್ದು ಕೂಡಿಸುವುದಿಲ್ಲವೇ, ಅದೇ ಜಾತಿ. ಲೆಕ್ಕ ಒಂದಕ್ಕೆ ಎಂಟು. 6 ಎಂಎಂ ದಪ್ಪಕ್ಕೆ 48 ಎಂಎಂ ಓರೆ, ಅಂದಾಜು 2 ಇಂಚು. ಅಂಟುವ ಜಾಗ ಎಂಟು ಪಟ್ಟಾಯಿತು, ಅದೂ ಮೈಗೆ ಮೈ. ಹಲಗೆಯ ದಪ್ಪ ಮೊದಲಿದ್ದಷ್ಟೇ ಉಳಿಯುತ್ತದೆ, ಒಂದೇ ಹಲಗೆಯಂತೆ ಬಾಗುತ್ತದೆ. ಉದ್ದದಲ್ಲಿ ಮಾತ್ರ ಆ 2 ಇಂಚು ಹೋಗುತ್ತದೆ. 12 ಅಡಿ ಅಂದದ್ದು 11 ಅಡಿ 10 ಇಂಚಾಗುತ್ತದೆ.

ಹೆರೆಯುವುದು ಹೇಗೆ? ಇಲ್ಲೊಂದು ಹಿಕಮತ್ತು ಇದೆ. ನಾಲ್ಕೂ ಹಲಗೆಗಳನ್ನು ಮೆಟ್ಟಿಲಿನ ಹಾಗೆ, ಒಂದಕ್ಕಿಂತ ಒಂದು 2 ಇಂಚು ಹಿಂದೆ ಸರಿಸಿ ಪೇರಿಸಬೇಕು. ಕೆಳಗಿನ ಹಲಗೆಯ ಅಂಚಿಗೆ ಗಟ್ಟಿ ಮಣೆಯ ಆಧಾರ. ಆಮೇಲೆ ನಾಲ್ಕೂ ಮೆಟ್ಟಿಲಿನ ಮೇಲೆ ಒಮ್ಮೆಲೇ ರಂದಾ ಹೊಡೆಯುವುದು. ಹೊಡೆಯುತ್ತ ಹೋದ ಹಾಗೆ ಪ್ಲೈವುಡ್ಡಿನ ಪದರುಗಳು ಸೀರೆಯ ದಡಿಯಂತೆ ಪಟ್ಟೆ ಪಟ್ಟೆಯಾಗಿ ಕಾಣುತ್ತವೆ. ಪಟ್ಟೆ ನೆಟ್ಟಗೆ, ಒಂದೇ ಅಗಲ ಇದ್ದರೆ ಓರೆ ಸರಿ ಇದೆ ಅಂತ ತಿಳಿಯಿರಿ. ಪಟ್ಟೆ ಸೊಟ್ಟಾಯಿತೋ, ಅಲ್ಲಿ ತಗ್ಗು ಬಿದ್ದಿದೆ. ಅಳತೆಪಟ್ಟಿಯೇ ಬೇಡ, ಹಲಗೆಯೇ ಹೇಳುತ್ತದೆ. ರಂದಾದ ಬಾಯಿ ಮಾತ್ರ ಹರಿತ ಇರಬೇಕು, ಪ್ಲೈವುಡ್ಡಿನೊಳಗಿನ ಅಂಟು ಅದನ್ನು ಬೇಗ ಮೊಂಡ ಮಾಡುತ್ತದೆ.

ಅಂಟು, ಶೀಟು ಮತ್ತು ಅತ್ತಿಯ ಪಾತೇಲಿ

ಅಂಟಿಗೆ ಎಪಾಕ್ಸಿ ಬೇಕು, ಎರಡು ಡಬ್ಬಿಯಲ್ಲಿ ಬರುವುದು. ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲೇ ಕಲಸಬೇಕು, ಕಣ್ಣಂದಾಜು ನಡೆಯುವುದಿಲ್ಲ. ಮೊದಲು ತೆಳ್ಳಗೆ ಒಂದು ಕೈ ಹಚ್ಚಿ ಹಲಗೆಗೆ ಕುಡಿಯಲು ಬಿಡಬೇಕು. ಆಮೇಲೆ ಅದೇ ಅಂಟಿಗೆ ಜರಡಿ ಹಿಡಿದ ಕಟ್ಟಿಗೆಯ ಹಿಟ್ಟು ಸೇರಿಸಿ, ಜುಣಕದ ಹದಕ್ಕೆ ತಂದು ಬಳಿಯಬೇಕು. ಕೆಳಗೊಂದು, ಮೇಲೊಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮಣೆ, ಮಣೆಯ ಮೇಲೆ ಭಾರ. ಅತಿಯಾಗಿ ಒತ್ತಿದರೆ ಅಂಟೆಲ್ಲ ಹೊರಗೆ ಬಂದು ಜಾಯಿಂಟು ಉಪವಾಸ ಬೀಳುತ್ತದೆ. ಓರೆಯ ಮೇಲೆ ಹಲಗೆ ಜಾರದ ಹಾಗೆ ಬದಿಯಲ್ಲಿ ಎರಡು ಸಣ್ಣ ಮೊಳೆ. ಒಂದು ಹಗಲು, ಒಂದು ರಾತ್ರಿ ಮುಟ್ಟಬಾರದು.

ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಇನ್ನೊಂದು ಪಜೀತಿ. ದೊಡ್ಡ ಡಬ್ಬಿಯಲ್ಲಿ ಒಮ್ಮೆಲೇ ಕಲಸಿದರೆ ಅಂಟು ತಾನೇ ಕಾಯ್ದು, ಹೊಗೆಯಾಡಿ, ಡಬ್ಬಿಯಲ್ಲೇ ಕಲ್ಲಾಗುತ್ತದೆ. ಬೆಳಗಿನ ತಂಪಿನಲ್ಲಿ, ಅಗಲ ತಟ್ಟೆಯಲ್ಲಿ, ಸ್ವಲ್ಪ ಸ್ವಲ್ಪ ಕಲಸುವುದು ಜಾಣತನ. ಕೈಗೆ ರಬ್ಬರ್ ಗವಸು ಕಡ್ಡಾಯ.

ಇನ್ನು ಶೀಟು. ನೀರಿನಲ್ಲಿ ನಿಲ್ಲುವ ಪ್ಲೈವುಡ್ಡಿಗೆ ಬೇರೆ ನಮೂನೆಯೇ ಇದೆ, ಮರೀನ್ ಪ್ಲೈವುಡ್. ಅದರ ಮೇಲೆ ಐಎಸ್‌ಐ ಗುರುತಿನ ಜೊತೆ "ಐಎಸ್ 710" ಎಂಬ ಮುದ್ರೆ ಇರುತ್ತದೆ. ಆ ಮುದ್ರೆ ಬೀಳಬೇಕಾದರೆ ಶೀಟಿನ ಅಂಟು 72 ತಾಸು ಕುದಿಯುವ ನೀರಿನ ಪರೀಕ್ಷೆ ದಾಟಬೇಕು. ಮೂರು ಹಗಲು, ಮೂರು ರಾತ್ರಿ! ಅಗ್ಗದ ಶೀಟಿನಲ್ಲಿ ಪದರು ಹಿಡಿದಿಡುವ ಅಂಟೇ ಬೇರೆ, ಅದು ಮನೆಯೊಳಗಿನ ಕಪಾಟಿಗೆ ಸಾಕು.

ನಂಬದಿದ್ದರೆ ನಾವು ಮಾಡಿದ್ದನ್ನು ಮಾಡಿ. ಎರಡೂ ಜಾತಿಯ ತುಂಡುಗಳನ್ನು ಅತ್ತಿಯ ಹಳೆಯ ಪಾತೇಲಿಯಲ್ಲಿ ಹಾಕಿ ಬೆಳಗಿನಿಂದ ಕುದಿಸಿದೆವು. ಮಧ್ಯಾಹ್ನದ ಊಟದ ಹೊತ್ತಿಗೆ ಅಗ್ಗದ ತುಂಡು ಚಿರೋಟಿಯ ಹಾಗೆ ಪದರು ಪದರಾಗಿ ಬಿಚ್ಚಿಕೊಂಡಿತು. ಮರೀನ್ ತುಂಡು ದೀಪ ಹಚ್ಚುವ ಹೊತ್ತಿಗೂ ಹಾಗೇ ಇತ್ತು. ಆ ಪಾತೇಲಿಯನ್ನು ಮತ್ತೆ ಅಡಿಗೆಗೆ ಬಳಸಬೇಡಿ. ಅತ್ತಿ ನನಗೆ ಹೊಸದು ಕೊಡಿಸಲು ಹಚ್ಚಿದಳು, ಅದೂ ಲೆಕ್ಕಕ್ಕೆ ಸೇರಲಿ.

ನಮ್ಮಂಥದ್ದೇ ಒಂದು ಪತ್ರಿಕೆ

ಹಲಗೆ ಹಲಗೆ ಕೂಡಿದ ಮೇಲೆ ತಳಕ್ಕೂ ಮಗ್ಗುಲಿಗೂ ಮೂಲೆ ಕೂಡಿಸಬೇಕಲ್ಲ? ಅದಕ್ಕೆ ಒಂದು ಸುಲಭ ಪದ್ಧತಿ ಉಂಟು: ಹೊಲಿದು ಅಂಟಿಸುವುದು. ಅಂಚಿನಲ್ಲಿ ಸಣ್ಣ ತೂತು ಕೊರೆದು ತಾಮ್ರದ ತಂತಿಯಿಂದ ಹೊಲಿಗೆ ಹಾಕಿ, ಒಳಗೂ ಹೊರಗೂ ಗಾಜಿನ ನಾರಿನ ಪಟ್ಟಿಯನ್ನು ಅಂಟಿನಲ್ಲಿ ಅದ್ದಿ ಮೆತ್ತುವುದು.

ಈ ಪದ್ಧತಿಯನ್ನು ಮನೆ ಮನೆಗೆ ಮುಟ್ಟಿಸಿದ್ದು ಯಾರು ಗೊತ್ತೇ? ನಮ್ಮಂಥದ್ದೇ ಸಣ್ಣ ಅಳತೆಯ ಪತ್ರಿಕೆ! ಇಂಗ್ಲೆಂಡಿನ ಡೇಲಿ ಮಿರರ್ ಪತ್ರಿಕೆಯವರು 1963ರಲ್ಲಿ ಸಾಮಾನ್ಯ ಜನ ಮನೆಯಲ್ಲೇ ಕಟ್ಟಬಹುದಾದ ದೋಣಿಯನ್ನು ಪ್ರಚಾರಕ್ಕೆ ತಂದರು. ಜ್ಯಾಕ್ ಹೋಲ್ಟ್, ಬ್ಯಾರಿ ಬಕ್‌ನೆಲ್ ಎಂಬಿಬ್ಬರು ಯೋಜಿಸಿದ್ದು. ಉದ್ದ 10 ಅಡಿ 10 ಇಂಚು, ಪತ್ರಿಕೆಯದೇ ಹೆಸರು, ಹಾಯಿಗೆ ಕೆಂಪು ಬಣ್ಣ. ಇಲ್ಲಿಯವರೆಗೆ ಅಂಥ ದೋಣಿ 70,000ಕ್ಕೂ ಹೆಚ್ಚು ಆಗಿವೆ.

ಹೊಲಿಗೆ ಅಂದರೆ ಹುಬ್ಬೇರಿಸಬೇಡಿ. ತೆಂಗಿನ ನಾರಿನ ಹಗ್ಗದಿಂದ ಹಲಗೆ ಹೊಲಿದು ಹಡಗು ಕಟ್ಟುವುದು ನಮ್ಮ ಪಶ್ಚಿಮ ಕರಾವಳಿಯ ಹಳೆಯ ವಿದ್ಯೆ. ಅಜಂತಾದ ಚಿತ್ರ ನೋಡಿ ಹಾಗೆಯೇ ಹೊಲಿದು ಕಟ್ಟಿದ ಹಡಗೊಂದನ್ನು ಕಾರವಾರದ ನೌಕಾನೆಲೆಯಲ್ಲಿ 2025ರ ಮೇ 21ರಂದು ನೌಕಾದಳಕ್ಕೆ ಸೇರಿಸಿಕೊಂಡು "ಕೌಂಡಿನ್ಯ" ಎಂದು ಹೆಸರಿಟ್ಟರು. ಹರಿಗೋಲಿನ ತೊಗಲಿಗೂ ಹೊಲಿಗೆ, ಹಡಗಿಗೂ ಹೊಲಿಗೆ. ನೀರು ಎಲ್ಲಕ್ಕಿಂತ ಮೊದಲು ಹುಡುಕುವುದು ಆ ಹೊಲಿಗೆಯನ್ನೇ.

ನಂಬುವ ಮುಂಚೆ ಮುರಿಯಿರಿ

ಎರಡನೆಯ ದೋಣಿಗೆ ತಳದ ಜಾಯಿಂಟು ಮುಂದಿನಿಂದ ನಾಲ್ಕು ಅಡಿಗೆ, ಮಗ್ಗುಲಿನ ಜಾಯಿಂಟು ಹಿಂದಿನಿಂದ ನಾಲ್ಕು ಅಡಿಗೆ ಬಂತು. ಕೊಯ್ದ ಅಂಚಿಗೆಲ್ಲ ಮೂರು ಕೈ ಎಪಾಕ್ಸಿ, ಯಾಕೆಂದರೆ ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದ. ಸ್ಕ್ರೂ ಹಿತ್ತಾಳೆಯವು. ಎರಡೂ ತುದಿಯಲ್ಲಿ ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನು ಕಟ್ಟಿದೆವು. 20 ಲೀಟರಿನ ಒಂದು ಕ್ಯಾನು ಹೆಚ್ಚುಕಡಿಮೆ 20 ಕಿಲೋ ಭಾರವನ್ನು ನೀರಿನ ಮೇಲೆ ಹಿಡಿಯುತ್ತದೆ.

ಆದರೆ ನೀರಿಗಿಳಿಸುವ ಮುಂಚೆ ಅಜ್ಜ ಹೇಳಿದ ಪರೀಕ್ಷೆ ಮಾಡಿದೆವು. ಕೂಡಿಸಿದ ಹಲಗೆಯ ಅಂಚಿನಿಂದ ಜಾಯಿಂಟು ಸಮೇತ 2 ಇಂಚಿನ ಪಟ್ಟಿ ಕೊಯ್ದು, ಒಂದು ತುದಿ ಬಿಗಿದು, ಇನ್ನೊಂದು ತುದಿ ಹಿಡಿದು ಮುರಿಯುವ ತನಕ ಬಗ್ಗಿಸುವುದು. ಅಂಟಿನ ಗೆರೆಯಲ್ಲಿ ಬಿಚ್ಚಿದರೆ ಜಾಯಿಂಟು ಸುಳ್ಳು. ಪಕ್ಕದ ಕಟ್ಟಿಗೆ ಮುರಿದರೆ ಜಾಯಿಂಟು ಖರೆ. ನಮ್ಮ ಪಟ್ಟಿ ಅಂಟಿನಿಂದ ಒಂದೂವರೆ ಇಂಚು ದೂರ, ಕಟ್ಟಿಗೆಯಲ್ಲಿ ಮುರಿಯಿತು. ಚೀಲದಲ್ಲಿರುವ ಎರಡನೆಯ ತುಂಡು ಅದೇ. ಆಮೇಲೆ ದೋಣಿಯ ಎರಡು ತುದಿಗೆ ಕಲ್ಲು ಕೊಟ್ಟು, ನಡುವೆ ಐದು ಚೀಲ ಉಸುಕು ಹೇರಿ, ಎರಡು ರಾತ್ರಿ ಹಿತ್ತಲಲ್ಲೇ ಬಿಟ್ಟೆವು. ಅಲುಗಲಿಲ್ಲ. ಮೂರನೆಯ ದಿನ ಕೆರೆ. ಆ ಸಲವೂ ಹುಡುಗನನ್ನು ಕೂಡಿಸಲಿಲ್ಲ. ಅವನು ಈಜು ಕಲಿತ ಮೇಲೆ, ಲೈಫ್ ಜಾಕೀಟು ತೊಡಿಸಿ ಕೂಡಿಸಿದೆವು.

ಇನ್ನೂ ಮುಗಿಯದ ಜಗಳ

ಈಗ ಖರೆ ಮಾತು. ಇಷ್ಟೆಲ್ಲ ಮಾಡಿದರೂ ಇದು ನಿಂತ ನೀರಿನ ದೋಣಿ. ಗೇಟು ತೆರೆದಾಗ ಉಕ್ಕಿ ಬರುವ ಮಲಪ್ರಭೆಗೆ ಇದನ್ನು ಇಳಿಸಬಾರದು. ಆ ಹೊಡೆತಕ್ಕೆ, ತೇಲಿಬರುವ ಗಿಡದ ಬೊಡ್ಡೆಗೆ 6 ಎಂಎಂ ಹಲಗೆ ಯಾವ ಲೆಕ್ಕ? ಜಲಾಶಯದಲ್ಲಿ ಇಳಿಸುವವರು ನೀರಾವರಿ ಕಚೇರಿಯಲ್ಲಿ ಒಪ್ಪಿಗೆ ಕೇಳಿಯೇ ಮುಂದೆ ಹೋಗಲಿ. ಇದನ್ನು ನಾನು ಮಾಮಾನಿಗೂ ಹೇಳಿದೆ.

ಮಾಮಾ ಒಪ್ಪಲಿಲ್ಲ. "ಅಳ್ಯಾ, ಹೊಳಿ ಬಂದಾಗ ನೀ ಬೈಲಹೊಂಗಲದಾಗ ಇರತಿ. ಆ ಮುದಕಿ ಮತ್ತ ನೀರ ಕೇಳಿದ್ರ ನಾ ಏನ ಮಾಡ್ಲಿ?" ಅಂದ. ನನ್ನ ಹತ್ತಿರ ಜವಾಬಿರಲಿಲ್ಲ. ಕೊನೆಗೆ ಒಂದು ಕರಾರಾಯಿತು. ನೀರು ಓಣಿಗೆ ಬರುವುದರೊಳಗೇ ಮುದುಕರು, ಮಕ್ಕಳು ಮೇಲಿನ ಊರಿಗೆ ಹೋಗಬೇಕು. ದೋಣಿ ಓಣಿ ದಾಟುವುದಿಲ್ಲ. ಅದರ ಬಾಲಕ್ಕೆ ಕಟ್ಟಿದ ಹಗ್ಗ ಮಾಳಿಗೆಯ ಕಂಬದಿಂದ ಬಿಚ್ಚುವುದಿಲ್ಲ. ಮಾಮಾ ತಲೆ ಹಾಕಿದ್ದಾನೆ. ಹೊಳೆ ಬಂದಾಗ ನೆನಪಿಟ್ಟರೆ ಪುಣ್ಯ.

ದೋಣಿ ಈಗ ದನದ ಕೊಟ್ಟಿಗೆಯಲ್ಲಿ ಬೋರಲಾಗಿ ಮಲಗಿದೆ. ವರ್ಷಕ್ಕೊಮ್ಮೆ, ಮಿರಗದ ಮಳೆಗೆ ಮುಂಚೆ, ಮಾಮಾ ಅದರ ಜಾಯಿಂಟಿನ ಮೇಲೆ ಬೆರಳಿನಿಂದ ಬಡಿದು ಕಿವಿಗೊಡುತ್ತಾನೆ. ಗಟ್ಟಿ ಸಪ್ಪಳ ಬಂದರೆ ಸರಿ, ಪೊಳ್ಳು ಸಪ್ಪಳ ಬಂದರೆ ಪದರು ಬಿಟ್ಟಿದೆ ಎಂದರ್ಥ.

ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಪ್ಲೈವುಡ್ ಅಂಗಡಿಗಳ ಯಜಮಾನರಿಗೆ ಒಂದು ವಿನಂತಿ. ಗಿರಾಕಿ ಬಂದು "ನೀರಿಗೆ ತಡೆಯೂದು ಕೊಡ್ರಿ" ಅಂದರೆ, ಶೀಟು ಇಳಿಸುವ ಮುಂಚೆ ಒಂದೇ ಒಂದು ಮಾತು ಕೇಳಿ: "ಯಾವ ನೀರಿಗೆ?" ಬಾಗಿಲಿಗೆ ಸಿಡಿಯುವ ನೀರಿಗೋ, ಆಳು ಮುಳುಗುವ ನೀರಿಗೋ? ಕೇಳಲು ಕಾಸು ಬೇಕಿಲ್ಲ. ಕೇಳಿದ್ದರೆ ಆ ದಿನ ಕೆರೆಯಲ್ಲಿ ನಮ್ಮ ದೋಣಿ ಮಡಚುತ್ತಿರಲಿಲ್ಲವೋ ಏನೋ.

ಬಸ್ಸಿನ ಯಜಮಾನರಿಗೆ ಇಷ್ಟನ್ನೂ ಹೇಳುವುದರೊಳಗೆ ಮುನವಳ್ಳಿ ಬಂತು. ಇಳಿಯುವಾಗ ಅವರು ಎರಡನೆಯ ತುಂಡನ್ನು ಕೈಯಲ್ಲಿ ಹಿಡಿದು ಇನ್ನೊಮ್ಮೆ ಬಗ್ಗಿಸಿ ನೋಡಿದರು. "ನಮ್ಮ ಮನಿನೂ ಹೊಳಿ ದಂಡಿಗೇ ಐತ್ರಿ. ಇದನ್ನ ನಾ ಇಟಗೊಳ್ಲಿ?" ಅಂದರು.

ಕೊಟ್ಟು ಬಂದೆ. ನನ್ನ ಚೀಲದಲ್ಲಿ ಈಗ ಉಳಿದಿರುವುದು ಮೊದಲನೆಯ ತುಂಡು ಒಂದೇ.